ಶಾಂತಾಬಾಯಿಯ ಹಳದಿ ಬಕೆಟ್

ಮೊನ್ನೆ ಶುಗರ್ ಟೆಸ್ಟಿಗೆಂದು ಶಹಾಪುರದ ನಮ್ಮ ಹಳೆಯ ಆಸ್ಪತ್ರೆಗೆ ಹೋಗಿದ್ದೆ. ಬೆರಳಿಗೆ ಒತ್ತಿಕೊಂಡಿದ್ದ ಹತ್ತಿಯನ್ನು ಎಲ್ಲಿ ಹಾಕಲಿ ಎಂದು ತಿರುಗಿದರೆ ಮೂಲೆಯಲ್ಲಿ ಹಳದಿ ಬಕೆಟ್. ಬಕೆಟ್ ನೋಡಿ ಹೊಟ್ಟೆಕಿಚ್ಚು ಪಡುವ ಮುದುಕಿಯನ್ನು ನೀವು ಬೇರೆಲ್ಲೂ ಕಂಡಿರಲಿಕ್ಕಿಲ್ಲ.

ನಾನಿಲ್ಲಿ ಹೆರಿಗೆ ವಾರ್ಡಿನ ಸಿಸ್ಟರ್ ಆಗಿದ್ದೆ. ರಿಟೈರ್ ಆಗುವ ಮುಂಚೆ ಅಕ್ರೆಡಿಟೇಶನ್ನಿನ ಗಡಿಬಿಡಿ ಶುರುವಾಯಿತು. ಹೊರಗಿನವರು ಬಂದು ವಾರ್ಡು ನೋಡಿ, ಆಯಾಗಳನ್ನೂ ಪ್ರಶ್ನೆ ಕೇಳಿ, ಪಾಸೋ ಫೇಲೋ ಹೇಳುತ್ತಾರಂತೆ. ಅವರೆದುರು ವಾರ್ಡಿನ ಪರವಾಗಿ ನಿಲ್ಲುವವಳು ನಾನೇ ಎಂದು ನನಗೆ ಗ್ಯಾರಂಟಿ. ಕಾನ್ವೆಂಟಿನ ಮದರ್ ಬೆತ್ತ ಹಿಡಿದು ಕಲಿಸಿದ ಇಂಗ್ಲಿಷು ಇನ್ಯಾವ ದಿನಕ್ಕೆ? ಜೊತೆಯ ಸಿಸ್ಟರ್ ಸುರಪುರದ ಶಾಂತಾಬಾಯಿ. ಓದಿನಲ್ಲಿ, ಸರ್ವಿಸಿನಲ್ಲಿ ನನಗೆ ಸಮ. ಜಡೆ ಮಾತ್ರ ಆ ವಯಸ್ಸಿನಲ್ಲೂ ನನ್ನದಕ್ಕಿಂತ ದಪ್ಪ. ಅದನ್ನೂ ನಾನು ಕ್ಷಮಿಸಿಲ್ಲ.

ರಕ್ತದ ಹತ್ತಿ ಹಳದಿ ಬಕೆಟ್ಟಿಗೆ, ಪ್ಲಾಸ್ಟಿಕ್ಕು ಕೆಂಪಿಗೆ ಎಂಬುದು ಹೊಸ ರೂಲ್. ನಾನು ಚಾರ್ಟ್ ಅಂಟಿಸಿ ಲೆಕ್ಚರ್ ಕೊಟ್ಟೆ. ಮರುದಿನ ನೋಡಿದರೆ ಹೊಲಸೆಲ್ಲ ಕೆಂಪು ಬಕೆಟ್ಟಿನಲ್ಲಿ. ಹಳದಿಯದು ಫಳಫಳ, ಒಳಗೆ ಯಾರೋ ಇಟ್ಟ ದೇವರ ಹೂವು.

ಆಯಾ ಭೀಮವ್ವ ದೋರನಹಳ್ಳಿಯವಳು, ಕುರಿ ಸಾಕುವ ಮನೆಯವಳು, ದೇವರ ಭಂಡಾರವೆಂದು ಅರಿಶಿನವನ್ನು ಹಣೆತುಂಬ ಹಚ್ಚಿಕೊಂಡು ಬೆಳೆದವಳು. "ಭಂಡಾರದ ಬಣ್ಣದಾಗ ಹೊಲಸ ಹೆಂಗ ಹಾಕಬೇಕ್ರಿ ಅಕ್ಕೋರ?" ಎಂದಳು. ನಾನು ಇನ್ಫೆಕ್ಷನ್ ಎಂದೆ, ಪ್ರೋಟೋಕಾಲ್ ಎಂದೆ. ಅವಳು ತಲೆಯಾಡಿಸಿ ಮತ್ತೆ ಕೆಂಪಿಗೇ ಹಾಕಿದಳು.

ಶಾಂತಾಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. "ಯವ್ವಾ ಭೀಮಿ, ಕಾಲಿಗೆ ಗಾಯ ಆದ್ರ ಏನ್ ಹಚ್ತೀ?"

"ಅರಿಶಿಣರಿ."

"ಗಾಯದಾಗ ನಂಜ ಇರ್ತದಲ್ಲ, ಆವಾಗ ಅರಿಶಿಣ ಮೈಲಿಗಿ ಆಗಂಗಿಲ್ಲೇನು? ನಂಜ ಎಳಿಯೂದೇ ಅದರ ಕೆಲಸ. ಹಾಕು."

ಭೀಮವ್ವ ನಕ್ಕು ಹಾಕಿದಳು. ಅಷ್ಟೇ. ಸಂಜೆಯೊಳಗೆ ಆಯಾಗಳೆಲ್ಲರ ಬಾಯಲ್ಲಿ ಅದೇ ಮಾತು, ಡಾಕ್ಟರ ಕಿವಿಗೂ ಬಿತ್ತು. ಇನ್‌ಸ್ಪೆಕ್ಷನ್ ದಿನ ಡಾಕ್ಟರು ಶಾಂತಾಬಾಯಿಯನ್ನೇ ಮುಂದೆ ನಿಲ್ಲಿಸಿದರು. ವಾರ್ಡು ಪಾಸಾಯಿತು. ಇಸ್ತ್ರಿಯ ಯೂನಿಫಾರ್ಮಿನಲ್ಲಿ ನಾನು ಹಿಂದೆ ನಿಂತು ಪರದೆಯ ನೆರಿಗೆ ಸರಿಮಾಡುತ್ತಿದ್ದೆ. ಹಂಚಿದ ಪೇಡೆಯನ್ನು ಭೀಮವ್ವನಿಗೇ ಕೊಟ್ಟುಬಿಟ್ಟೆ.

ಮೊನ್ನೆಯ ಮಾತಿಗೆ ಬರುತ್ತೇನೆ. ನನ್ನ ಪಕ್ಕದಲ್ಲೇ ಸಗರ ಊರಿನ, ಹಣೆತುಂಬ ಭಂಡಾರ ಹಚ್ಚಿದ ಹೆಂಗಸೊಬ್ಬಳು ಸೊಸೆಯ ರಕ್ತದ ಹತ್ತಿ ಹಿಡಿದು ಹಳದಿ ಬಕೆಟ್ಟಿನ ಮುಂದೆ ಅನುಮಾನಿಸುತ್ತಿದ್ದಳು. ಇಂಗ್ಲಿಷ್ ಲೆಕ್ಚರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

"ಅರಿಶಿಣ ನಂಜ ಎಳೀತದ. ಹಾಕವ್ವಾ," ಎಂದೆ.

ಅವಳ ಮುಖ ಹಗುರಾಯಿತು. "ಭಾಳ ಚಂದ ಹೇಳಿದ್ರಿ ಬಿಡ್ರಿ ಅಮ್ಮಾರ."

"ನನ್ನ ಮಾತಲ್ಲವ್ವಾ. ನಮ್ಮ ಶಾಂತಾಬಾಯಿದು."

ಹೇಳುವಾಗ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದದ್ದು ಸುಳ್ಳಲ್ಲ. ಆಮೇಲೆ ನನ್ನ ಬೆರಳಿನ ಹತ್ತಿಯನ್ನೂ ಅದೇ ಬಕೆಟ್ಟಿಗೆ ಹಾಕಿ ಮನೆಗೆ ಬಂದೆ.