ಅಣ್ಣನಿಗೆ ಹಿಡಿದಿಟ್ಟ ರೂಮು

ನ್ಯೂಜಿಲೆಂಡಿನ ಡನೀಡಿನ್ನಿನಲ್ಲಿ ಯೂನಿವರ್ಸಿಟಿಯ ಪದವಿ ಪ್ರದಾನದ ವಾರ ಮೋಟೆಲು ಸಿಗುವುದಿಲ್ಲ. ಪಂಚಾಂಗ ಕೊಟ್ಟ ಮುಹೂರ್ತ ಅದೇ ವಾರದ ಶನಿವಾರಕ್ಕೆ ಬಿದ್ದಿತ್ತು. ಆಫೀಸಿನಲ್ಲಿ ನನಗೆ ಹಿರಿಯರಾಗಿದ್ದ ಧಾರವಾಡದವರೊಬ್ಬರ ಮಗಳ ಮದುವೆ. ಹೊರಗಿನಿಂದ ಬರುವವರಿಗೆ ರೂಮು ಹಿಡಿಯುವ ಕೆಲಸ ನನ್ನದಾಯಿತು. ಹನ್ನೊಂದು ಸಿಕ್ಕವು. ಒಂಬತ್ತು ಆಕ್ಲೆಂಡಿನಿಂದ ಬರುವ ಬೀಗರಿಗೆ, ಒಂದು ಪುರೋಹಿತರಿಗೆ. ಕೆಳ ಅಂತಸ್ತಿನ ಮೂರನೆಯ ನಂಬರಿನದು ಹುಡುಗಿಯ ದೊಡ್ಡಪ್ಪನಿಗೆ, ಅವರಿಗೆ ಮಂಡಿನೋವು. ಬರುವವರಿಗೆಲ್ಲ ನನ್ನ ಮೊಬೈಲ್ ನಂಬರು ಹೋಗಿತ್ತು.

ಶುಕ್ರವಾರ ಬೆಳಗ್ಗೆ ಏಳಕ್ಕೆ ಆ ದೊಡ್ಡಪ್ಪನ ಮಗ ಬೆಂಗಳೂರಿನಿಂದ ಫೋನ್ ಮಾಡಿದ.

“ಅಪ್ಪ ಹೋದ್ರು. ವಿಮಾನಕ್ಕ ಹೊರಡೂಕಿಂತ ಮೊದಲ, ಬ್ಯಾಗಿನ ಬಾಜೂಕ ಕೂತಿದ್ರು. ಮುಂಜಾನೆ ಹತ್ತಕ್ಕ ಸ್ಮಶಾನಕ್ಕ ಎತ್ತತೇವಿ. ಕಾಕಾಗ ಅಕ್ಷತಾ ಬೀಳೂತನಕ ಹೇಳಬ್ಯಾಡ್ರಿ. ಕಿವಿಗೆ ಬಿದ್ರ ಸೂತಕ, ಮದುವಿ ನಿಂತುಬಿಡ್ತದ. ನೀವು ಹೊರಗಿನವ್ರು, ನಿಮಗೇನೂ ಹತ್ತೂದಿಲ್ಲ.”

ಅವನ ಕಾಕಾ ಎಂದರೆ ಹುಡುಗಿಯ ತಂದೆ. ಆಯಿತು ಎಂದೆ. ಏನಾಗಿತ್ತು ಎಂದೂ ಕೇಳಲಿಲ್ಲ. ಅಲ್ಲಿನ ಬೆಳಗಿನ ಹತ್ತು ಎಂದರೆ ನಮ್ಮ ಸಂಜೆ ಐದೂವರೆ ಎಂದಷ್ಟೇ ತಲೆಗೆ ಬಂತು.

ಒಂಬತ್ತಕ್ಕೆ ಮದುವೆ ಮನೆಯಲ್ಲಿ ನಾಂದಿ. ಮನೆತನದ ಗತಿಸಿದ ಹಿರಿಯರನ್ನು ನೆನೆದು ಆಶೀರ್ವಾದ ಬೇಡುವ ಪೂಜೆ. ಹುಡುಗಿಯ ತಂದೆ ಶಲ್ಯ ಹೊದ್ದು ಕೂತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಮುಗಿದ ಮೇಲೆ ಪುರೋಹಿತರನ್ನು ಕಾರಿನಲ್ಲಿ ಮೋಟೆಲಿಗೆ ಬಿಟ್ಟೆ. ಹತ್ತು ನಿಮಿಷದ ದಾರಿ. ಇಲ್ಲಿನ ಗಾಳಿ ಡಿಸೆಂಬರಿನ ಬೇಸಿಗೆಯಲ್ಲೂ ಹೀಗೇ ಇರುತ್ತದೆಯೇ ಎಂದು ಕೇಳಿದರು. ಹೌದು ಎಂದೆ.

ಕೌಂಟರಿನಲ್ಲಿ ಪದವಿ ಪಡೆಯುವ ಹುಡುಗಿಯೊಬ್ಬಳ ತಂದೆತಾಯಿ ರೂಮಿಗಾಗಿ ನಿಂತಿದ್ದರು. ಮೂರನೆಯ ನಂಬರಿನವರು ಖಂಡಿತ ಬರುತ್ತಾರೆಯೇ ಎಂದು ಮೋಟೆಲಿನ ಹೆಂಗಸು ನನ್ನನ್ನು ಕೇಳಿದಳು. ಬಿಟ್ಟುಕೊಟ್ಟರೆ ಸಂಜೆಯೊಳಗೆ ಸುದ್ದಿ ಮನೆ ಸೇರುತ್ತದೆ. ಬರುತ್ತಾರೆ ಎಂದೆ. ಆ ಗಂಡಹೆಂಡಿರು ಸೂಟ್‌ಕೇಸು ಎತ್ತಿಕೊಂಡು ಹೊರಟುಹೋದರು.

ಐದೂವರೆಗೆ ನಾನು ಹಾಲ್‌ನಲ್ಲಿ ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದೆ.

ಶನಿವಾರ ಬೆಳಗ್ಗೆ ಹುಡುಗಿಯ ತಂದೆ ರೇಷ್ಮೆ ಪಂಚೆಯಲ್ಲೇ ನನ್ನ ಹತ್ತಿರ ಬಂದರು.

“ಅಣ್ಣ ಎಲ್ರೀ? ಎಂಟಕ್ಕ ಇಳೀಬೇಕಿತ್ತಲ್ಲ?”

“ಸಿಂಗಪುರದಲ್ಲಿ ಫ್ಲೈಟ್ ತಪ್ಪಿತಂತೆ ಸಾರ್. ನಾಳೆ ಬರ್ತಾರೆ.”

ಅವರು ಜೋರಾಗಿ ನಕ್ಕರು. “ನನ್ನ ಮದುವಿಗೂ ಹಿಂಗ ಮಾಡಿದ್ದ ಪುಣ್ಯಾತ್ಮ. ಬಸ್ಸು ತಪ್ಪಿಸಿಕೊಂಡು ಊಟದ ಹೊತ್ತಿಗೆ ಬಂದಿದ್ದ. ರೂಮು ಮಾತ್ರ ಯಾರಿಗೂ ಕೊಡಬ್ಯಾಡ್ರಿ ಮತ್ತ.”

ಕೊಡೋಲ್ಲ ಸಾರ್ ಎಂದೆ.

ಹನ್ನೊಂದೂ ನಲವತ್ತಕ್ಕೆ ತಾಳಿ ಕಟ್ಟಿದ್ದಾಯಿತು. ನಾನೂ ಅಕ್ಷತೆ ಹಾಕಿದೆ. ಆಮೇಲೆ ಹುಡುಗಿಯ ತಂದೆಯನ್ನು ಹಾಲ್‌ನ ಹಿಂದೆ ಕಾರುಗಳು ನಿಂತಿದ್ದ ಕಡೆಗೆ ಕರೆದುಕೊಂಡು ಹೋಗಿ ಹೇಳಿದೆ. ಎರಡೇ ವಾಕ್ಯ.

ಅವರು ಒಂದು ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತರು.

“ಯಾವಾಗ ಗೊತ್ತಾತು ನಿಮಗ?”

“ನಿನ್ನೆ ಬೆಳಗ್ಗೆ ಏಳು ಗಂಟೆಗೆ.”

“ಒಂಬತ್ತಕ್ಕ ನಾಂದಿ ಆತು.” ಬಾನೆಟ್ಟಿನಿಂದ ಕೈ ತೆಗೆದರು. “ನಾಂದಿ ಆದ ಮ್ಯಾಲೆ ಸೂತಕ ಹತ್ತೂದಿಲ್ರೀ. ಮದುವಿ ನಿಲ್ಲೂದಿಲ್ಲ. ನಿನ್ನೆ ಮಧ್ಯಾಹ್ನ ಹೇಳಿದ್ರ ನಡೀತಿತ್ತು. ಎತ್ತೂದರೊಳಗ ಅಣ್ಣನ ಹೆಂಡ್ತಿ, ನಮ್ಮ ವೈನಿ ಜೋಡಿ ಒಂದ್ ಮಾತು ಆಡ್ತಿದ್ದೆ.”

“ನನಗೆ ಗೊತ್ತಿರಲಿಲ್ಲ ಸಾರ್.”

“ಅಣ್ಣನ ಮಗಗೂ ಗೊತ್ತಿಲ್ಲ, ಪಾಪ. ಆಚಾರ್ಯರನ್ನ ಕೇಳಬೇಕಿತ್ತು.”

ನಿನ್ನೆ ಕಾರಿನಲ್ಲಿ ಆ ಪುರೋಹಿತರು ಹತ್ತು ನಿಮಿಷ ನನ್ನ ಪಕ್ಕದಲ್ಲೇ ಕೂತಿದ್ದರು. ಅದನ್ನು ನಾನು ಹೇಳಲಿಲ್ಲ.

ಒಳಗಿನಿಂದ ಯಾರೋ ಇಂಗ್ಲಿಷಿನಲ್ಲಿ ಅವರನ್ನು ಕೂಗಿದರು. ಬೀಗರು ಊಟಕ್ಕೆ ಕೂತಾಗಿತ್ತು. ಅವರು ಶಲ್ಯದ ತುದಿಯಿಂದ ಮುಖ ಒರೆಸಿಕೊಂಡು, ಶಲ್ಯವನ್ನು ಮತ್ತೆ ಹೆಗಲ ಮೇಲೆ ಸರಿಮಾಡಿಕೊಂಡರು.

“ನಡೀರಿ, ಬಡಸೂಣು,” ಎಂದರು.

ಅವರು ತುಪ್ಪದ ಪಾತ್ರೆ ತೆಗೆದುಕೊಂಡರು. ನಾನು ಅನ್ನ ಹಿಡಿದು ಅವರ ಮುಂದೆ ನಡೆದೆ.