ಬೆತ್ತದ ಕಾಕಾ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ಮುದ್ದೇಬಿಹಾಳದ ನಮ್ಮ ಓಣಿಯ ಬೆತ್ತದ ಕಾಕಾ. ವಕೀಲರ, ಡಾಕ್ಟರರ ಮನೆಗಳ ಹಳೆಯ ತೇಗದ ಆರಾಮಕುರ್ಚಿಗಳಿಗೆ ಹೊಸ ಬೆತ್ತ ಹೆಣೆದು, ಅಂಗೈಯಿಂದ ಒತ್ತಿ ನೋಡುವರು. ತಾವು ಮಾತ್ರ ಎಂದೂ ಕೂರಲಿಲ್ಲ.

"ಏನ್ರಿ ಮೇಡಮ್ಮಾರ, ಕುರ್ಚಿ ನಮ್ಮ ಕೈಯಾಗ ಹಾದು ಹೋಗ್ತಾವ, ನಮಗ ಕುಂಡ್ರಾಕಲ್ಲ," ಎಂದು ಪುಸ್ತಕ ಹಿಡಿದು ಹೊರಟ ನನ್ನನ್ನು ಕಂಡು ದಿನವೂ ನಗುವರು.

ಆ ಮಾತು ಸುಳ್ಳು ಮಾಡಲೆಂದೇ ಪರಊರಿನ ಹಾಸ್ಟೆಲಿನಲ್ಲಿದ್ದು ಓದಿದೆ. ನಮ್ಮ ಮನೆತನದಲ್ಲಿ ನಾನೇ ಮೊದಲ ಪದವೀಧರೆ.

ಪ್ರಮಾಣಪತ್ರ ಬಂದ ದಿನವೇ ಒಯ್ದು ಅವರ ಕೈಗೆ ಕೊಟ್ಟೆ. ಅವರು ಅದರ ಅಂಚನ್ನು ಬೆರಳಿನಿಂದ ಸವರುತ್ತ ಹೋದರು.

"ಬೆತ್ತ ಹಾಕಾಕ ತೂತ ಎಲ್ಲಿ ಅದಾವು?"

"ನಾ ಪಾಸಾಗೇನಿ, ಕಾಕಾ."

"ಯಾರ ಮನಿ ಕುರ್ಚಿ ಇದು?"

ಅವರ ಹೆಂಡತಿ ನನ್ನ ಭುಜ ಹಿಡಿದರು. "ಮನಸ್ಸಿಗೆ ಹಚ್ಕೋಬ್ಯಾಡ ತಂಗಿ. ನನ್ನೂ ಗುರ್ತ ಹಿಡಿಯೂದಿಲ್ಲ."