ಗಾಡಿಗೆ ಸುರಿದ ಗದ್ದೆ ಯೂರಿಯಾ

ಹೋದ ವರ್ಷ ಯುಗಾದಿ ಕಳೆದು ಇನ್ನೂ ಹದಿನೈದು ದಿನ ಆಗಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಿಸಿಲು ನೆತ್ತಿ ಸುಡುತ್ತಿತ್ತು. ಆ ದಿನಗಳಲ್ಲೊಂದು ಬೆಳಿಗ್ಗೆ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ನಾನು ಪಟ್ಟ ಸಂಕಟವನ್ನು ಬಹಳ ದಿನ ಮನೆಯವರಿಗೂ ಪೂರ್ತಿ ಹೇಳಿರಲಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಭಯ. ಈಗ ಹೋಗುವ ಮರ್ಯಾದೆ ಹೇಗೂ ಹೋಗಿಯಾಗಿದೆ, ಬರೆದುಬಿಡುತ್ತೇನೆ.

ನಮ್ಮೂರು ಮಂಡ್ಯದ ಪಕ್ಕದ ಹೊಳಲು. ಒಂದೂವರೆ ಎಕರೆ ಕಬ್ಬು, ಒಂದು ಡೀಸೆಲ್ ಗಾಡಿ, ಇಷ್ಟೇ ನನ್ನ ಬದುಕು. ಮೊದಲಿದ್ದ ಲಾರಿ ಹದಿನೈದು ವರ್ಷ ದುಡಿದಿತ್ತು. ಸ್ಟಾರ್ಟ್ ಮಾಡಿದರೆ ಹಿಂದೆ ನಿಂತವನ ಮುಖ ಕಾಣದಷ್ಟು ಹೊಗೆ ಬಿಡುತ್ತಿತ್ತು, ನಿಜ. ಆದರೆ ದಾರಿಯಲ್ಲಿ ಕೆಟ್ಟರೆ ಎರಡು ತಟ್ಟು ತಟ್ಟಿ, ಒಂದು ತಂತಿ ಕಟ್ಟಿದರೆ ಊರು ಸೇರಿಸುತ್ತಿತ್ತು. ಹೊಗೆ ಪರೀಕ್ಷೆ, ಎಫ್‌ಸಿ ಎಂದು ಅಲೆದು ಅಲೆದು ಸಾಕಾಗಿ ಅದನ್ನು ಮಾರಿ, ಹೊಸ ನಿಯಮದ ಕ್ಯಾಂಟರ್ ತಂದೆ. ಇದಕ್ಕೆ ಡೀಸೆಲ್ ಒಂದೇ ಸಾಲದು. ಪಕ್ಕದಲ್ಲಿ ಇನ್ನೊಂದು ಸಣ್ಣ ಟ್ಯಾಂಕ್ ಇರುತ್ತದೆ, ಅದಕ್ಕೆ ಯೂರಿಯಾ ದ್ರಾವಣ ಹಾಕಬೇಕು. ಅದು ಹೊಗೆಯ ವಿಷವನ್ನು ಕೊಲ್ಲುತ್ತದಂತೆ. ದ್ರಾವಣ ಸರಿಯಿಲ್ಲದಿದ್ದರೆ ಮೊದಲು ದೀಪ ಹತ್ತುತ್ತದೆ, ಆಮೇಲೆ ಗಾಡಿಯ ಶಕ್ತಿ ಕುಗ್ಗುತ್ತದೆ, ಕೊನೆಗೆ ಗಾಡಿಯೇ ಮುಷ್ಕರ ಹೂಡುತ್ತದೆ.

ಮದ್ದೂರಿನ ಲಾರಿ ಸ್ಟ್ಯಾಂಡಿನಲ್ಲಿ ನಾವು ಡೀಸೆಲ್ ಗಾಡಿಯವರು ಕೂತರೆ ಇದೇ ಮಾತು. ಅದರಲ್ಲೂ ನನ್ನ ಬಾಯಿ ಜೋರು. "ಅಳೇ ಗಾಡಿ ಒಗೆ ಬುಡ್ತಿತ್ತು, ಊರ್ಗೂ ಸೇರುಸ್ತಿತ್ತು. ಇದು ಒಗೆನೂ ಬುಡಾಕಿಲ್ಲ, ಊರ್ಗೂ ಸೇರ್ಸಾಕಿಲ್ಲ" ಎಂದು ನಾನು ಹೇಳಿದರೆ ಎಲ್ಲರೂ ನಗುತ್ತಿದ್ದರು. ಇನ್ನೊಂದು ನಗೆಯ ವಸ್ತು ಎಂದರೆ ಗುತ್ತಲಿನ ಸಿದ್ದರಾಜು. ಅವನೂ ಮೊದಲು ನಮ್ಮಂತೆ ಡೀಸೆಲ್ ಗಾಡಿಯವನೇ. ಅದನ್ನು ಕೊಟ್ಟು ಮೂರು ಚಕ್ರದ ಕರೆಂಟ್ ಗೂಡ್ಸ್ ಆಟೋ ತಂದಿದ್ದ. ಅದು ಸದ್ದಿಲ್ಲದೆ ಬಂದು ನಿಂತರೆ ನಾನು, "ಏನ್ಲಾ ಸಿದ್ದ, ಮಿಕ್ಸಿ ತಂದು ನಿಲ್ಲಿಸ್ದ?" ಎನ್ನುತ್ತಿದ್ದೆ. ಅವನು ನಕ್ಕುಬಿಡುತ್ತಿದ್ದ.

ಈಗ ನನ್ನ ಘನಕಾರ್ಯ ಕೇಳಿ. ಒಂದು ದಿನ ಬಂಕಿನಲ್ಲಿ ದ್ರಾವಣದ ಬಕೆಟ್ ಇರಲಿಲ್ಲ. ನಾಳೆ ಬನ್ನಿ ಎಂದರು. ಹಳೆಯ ಬಕೆಟ್ಟಿನ ಮೇಲೆ ಓದಿದೆ: ಯೂರಿಯಾ ಮತ್ತು ನೀರು. ಅಷ್ಟೇ. ನನಗೆ ನಗು ಬಂತು. ಮೀಸೆ ಮೂಡುವ ಮೊದಲಿಂದ ಕಬ್ಬಿಗೆ ಯೂರಿಯಾ ಎರಚಿದವನು ನಾನು, ನನಗೆ ಯೂರಿಯಾ ಗೊತ್ತಿಲ್ಲವೇ? ಹಿತ್ತಲಲ್ಲಿ ಅರ್ಧ ಚೀಲ ಇತ್ತು. ಬೋರ್‌ವೆಲ್ ನೀರಿಗೆ ಸುರಿದು ಚೆನ್ನಾಗಿ ಕದಡಿದೆ. ಗೊಬ್ಬರಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರಲ್ಲ, ಮೇಲೆ ಜಿಡ್ಡು ತೇಲಿತು. ಹಳೇ ಪಂಚೆಯಲ್ಲಿ ಎರಡು ಸಲ ಸೋಸಿ ಟ್ಯಾಂಕಿಗೆ ಹೊಯ್ದೆ. ಗಾಡಿ ಮಾಮೂಲಿನಂತೆ ಓಡಿತು. ಕಂಪನಿಯವರಿಗೇ ಟೋಪಿ ಹಾಕಿದೆ ಎಂದು ಒಳಗೊಳಗೇ ಬೀಗಿದೆ.

ಮೂರನೇ ದಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ನಾನು ಅದರ ಮೇಲೆ ಒಂದು ಚೂರು ಕಪ್ಪು ಟೇಪು ಅಂಟಿಸಿದೆ.

ಇದಾದ ಎರಡು ದಿನಕ್ಕೆ ನಮ್ಮ ಗಾಡಿಯವರೆಲ್ಲ ಒಂದು ದಿನ ಗಾಡಿ ನಿಲ್ಲಿಸಿ, ಹೊಗೆ ನಿಯಮಗಳ ವಿರುದ್ಧ ಮಂಡ್ಯದಲ್ಲಿ ಮನವಿ ಕೊಡುವುದೆಂದು ತೀರ್ಮಾನವಾಗಿತ್ತು. ಯಾರೂ ಗಾಡಿ ಎತ್ತಬಾರದು ಎಂದು ಹಿಂದಿನ ದಿನ ಎದೆ ತಟ್ಟಿ ಮಾತಾಡಿದವನೂ ನಾನೇ. ಆದರೆ ಅದೇ ಬೆಳಿಗ್ಗೆಗೆ ಒಂದು ಬಾಡಿಗೆ ಮೊದಲೇ ಒಪ್ಪಿಕೊಂಡಿದ್ದೆ. ಮಳವಳ್ಳಿ ಆಚೆಯ ಒಂದು ಹಳ್ಳಿಯ ರತ್ನಮ್ಮ ಎಂಬಾಕೆಗೆ ಮದ್ದೂರಿನ ಹತ್ತಿರದ ಕೇಂದ್ರದಿಂದ ಚಾಕಿ ಹುಳು ಮುಟ್ಟಿಸಬೇಕಿತ್ತು. ಚಾಕಿ ಎಂದರೆ ಎಳೆಯ ರೇಷ್ಮೆ ಹುಳು. ಎರಡನೇ ಜ್ವರದಿಂದ ಎದ್ದ ಮೇಲೆ, ಅಂದರೆ ಎರಡನೇ ಸಲ ಪೊರೆ ಬಿಟ್ಟ ಮೇಲೆ, ಅವನ್ನು ರೈತರಿಗೆ ಕೊಡುತ್ತಾರೆ. ತಂಪು ಹೊತ್ತಿನಲ್ಲೇ ಸಾಗಿಸಿ ಸೊಪ್ಪು ಕೊಡಬೇಕು. ಹುಳು ಮುಷ್ಕರ ಮುಗಿಯಲಿ ಎಂದು ಕಾಯುವುದಿಲ್ಲ. ಬೆಳಿಗ್ಗೆ ಬೇಗ ಮುಟ್ಟಿಸಿ ಹನ್ನೊಂದಕ್ಕೆ ಮಂಡ್ಯಕ್ಕೆ ಬಂದು ಭಾಷಣ ಮಾಡಿದರಾಯಿತು ಎಂದು ಲೆಕ್ಕ ಹಾಕಿದೆ.

ಆರು ಗಂಟೆಗೇ ರತ್ನಮ್ಮನ ಫೋನು. ಗಂಡ ಇಲ್ಲದ ಹೆಣ್ಣುಮಗಳು, ಒಂದು ಎಕರೆ ಹಿಪ್ಪುನೇರಳೆಯಲ್ಲೇ ಸಂಸಾರ ಎಳೆಯುವವಳು. "ಅಣ್ಣಾ, ಓದ್ ಸಲ ಪಕ್ಕದ್ ಗದ್ದೆಯೋರು ಔಷ್ದಿ ಒಡ್ದು, ಸೊಪ್ಪು ತಿಂದ್ ಉಳ ಎಲ್ಲಾ ಕಪ್ಪಗಾಗೋದೊ. ಈ ಸಲಾನೂ ಓದ್ರೆ ಸೊಪ್ಪು ಕಿತ್ತಾಕಿ ಕೂಲಿಗೋಯ್ತೀನಿ, ಅಷ್ಟೇಯ. ಬೀಡಿ ಸೇದ್ಬ್ಯಾಡಿ, ಬಿಸ್ಲು ಏರೋಕ್ ಮುಂಚೆ ಬನ್ನಿ" ಎಂದಳು. "ಏಳ್ಗಂಟೆ ಏಳೂವರೆಗೆಲ್ಲ ನಿಮ್ಮನೆ ತಾವ್ ಇರ್ತೀನಿ ಕಣಮ್ಮ" ಎಂದೆ.

ನಲವತ್ತು ತಟ್ಟೆ ಹುಳು ಹೇರಿಕೊಂಡು ಹೊರಟೆ. ದೊಡ್ಡಿ ಊರು ದಾಟುವವರೆಗೂ ಏನೂ ತೊಂದರೆಯಿಲ್ಲ. ಆಮೇಲೆ ಆಕ್ಸಿಲೇಟರ್ ಎಷ್ಟು ಒತ್ತಿದರೂ ಗಾಡಿ ಏಳಲಿಲ್ಲ. ಸೈಕಲ್ಲಿನವನೊಬ್ಬ ನನ್ನನ್ನು ಹಿಂದಿಟ್ಟು ಹೋದ. ಹಾಗೇ ತೆವಳಿಕೊಂಡು ಹೋಗಿದ್ದರೂ ಎಂಟೂವರೆಗೆ ತಲುಪುತ್ತಿದ್ದೆನೋ ಏನೋ. ಹಳೇ ಲಾರಿಯ ಅಭ್ಯಾಸ, ಸ್ವಲ್ಪ ಹೊತ್ತು ಆರಲಿ ಎಂದು ಬದಿಗೆ ನಿಲ್ಲಿಸಿ ಆಫ್ ಮಾಡಿದೆ. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಉಸಿರೇ ಇಲ್ಲ. ಟೇಪು ಕಿತ್ತು ನೋಡಿದೆ. ದೀಪ ಕೆಂಪಾಗಿತ್ತು.

ನಮ್ಮ ಗಾಡಿಯವರ ಸಂಘದ ಹಿರಿಯ ಕೆಂಪಣ್ಣನಿಗೆ ಫೋನ್ ಮಾಡಿದೆ. "ಗಾಡಿ ಎತ್ತಬಾರ್ದು ಅಂತ ನೀನೇ ತಾನೇ ಏಳ್ದೋನು? ಎಲ್ಲಾ ಮಂಡ್ಯದಲ್ಲಿ ಅವ್ರೆ. ಈಗ್ ಯಾವನ್ಲಾ ಗಾಡಿ ತತ್ತಾನೆ?" ಎಂದ. ಮತ್ತೆ ಅವನೇ, "ಓಗ್ಲಿ ಬುಡು, ಒಳ್ಳೇದೇ ಆಯ್ತು. ಒಸಾ ಗಾಡಿ ನಡುದಾರೀಲಿ ನಿಂತದೆ ಅಂತ ಸಾಹೇಬ್ರಿಗೆ ತೋರ್ಸಾಣ. ಒಂದ್ ಫೋಟೋ ಕಳ್ಸು" ಎಂದ. ಕಳಿಸಿದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಬಿಸಿಲು ಟಾರ್ಪಾಲಿನ ಮೇಲೆ ಬಿತ್ತು. ಒಳಗೆ ಕೈ ಇಟ್ಟರೆ ಒಲೆಯ ಪಕ್ಕ ಇಟ್ಟ ಹಾಗೆ. ತಟ್ಟೆಗಳನ್ನು ಇಳಿಸಿ ಹೊಂಗೆ ಮರದ ನೆರಳಿಗೆ ಜೋಡಿಸಿದೆ. ಹತ್ತು ತಟ್ಟೆ ಇಳಿಸಿ ಬಗ್ಗಿ ನೋಡುತ್ತೇನೆ, ಮೊದಲ ತಟ್ಟೆಗೆ ಇರುವೆ ಸಾಲು ಹಿಡಿದಿದೆ. ರೇಷ್ಮೆ ಹುಳುವಿಗೆ ಇರುವೆ ಯಮ. ಬೆರಳಿನಿಂದ ಒಂದೊಂದೇ ಇರುವೆ ಹೊಸಕುತ್ತ ತಟ್ಟೆಗಳನ್ನು ಮತ್ತೆ ಗಾಡಿಗೆ ಏರಿಸಿದೆ. ಕೆಳಗಿಟ್ಟರೆ ಇರುವೆ, ಮೇಲಿಟ್ಟರೆ ಬಿಸಿಲು. ನಾಲೆಗೆ ಓಡಿ ಗೋಣಿಚೀಲ ನೆನೆಸಿ ತಂದು ಟಾರ್ಪಾಲಿನ ಮೇಲೆ ಹೊದಿಸಿದೆ. ಹತ್ತು ನಿಮಿಷಕ್ಕೆ ಅದು ಒಣಗಿತು. ಮತ್ತೆ ಓಡಿದೆ. ಐವತ್ತು ದಾಟಿದ ಆಸಾಮಿ, ಪಂಚೆ ಎತ್ತಿ ಕಟ್ಟಿ ನಾಲೆಗೂ ಗಾಡಿಗೂ ಹಾಗೆ ಓಡುವುದನ್ನು ಕಂಡವರು ಹುಚ್ಚ ಎಂದುಕೊಂಡಿರಬೇಕು. ಹುಳುಗಳು ಸೊಪ್ಪಿಗಾಗಿ ತಲೆ ಎತ್ತಿ ಆಡಿಸುತ್ತಿದ್ದವು. ಮಧ್ಯೆ ಮಧ್ಯೆ ಕೆಲವು ತಲೆ ಎತ್ತುವುದನ್ನು ನಿಲ್ಲಿಸಿದ್ದವು. ರತ್ನಮ್ಮನ ಫೋನು ಮೂರು ಸಲ ಬಂತು. ಎತ್ತುವ ಧೈರ್ಯ ಬರಲಿಲ್ಲ.

ಆಗ ನೆನಪಾದವನು ಸಿದ್ದರಾಜು. ಅವನು ಡೀಸೆಲ್‌ನವನಲ್ಲ, ಮುಷ್ಕರಕ್ಕೆ ಅವನನ್ನು ನಾವು ಕರೆದೇ ಇರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ಎರಡು ಸಲ ಫೋನ್ ತೆಗೆದು ಇಟ್ಟೆ. ಮೂರನೇ ಸಲ ಮಾಡಿದೆ. ಅವನು ಮೊಟ್ಟೆ ಇಳಿಸಲು ಮದ್ದೂರಿಗೆ ಬಂದಿದ್ದ.

"ಚಾರ್ಜು ಕಮ್ಮಿ ಅದೆ ಕಣ್ಲಾ ಪುಟ್ಟಸ್ವಾಮಿ. ಅಲ್ಲೀಗಂಟ ಬಂದ್ರೆ ವಾಪಸ್ ಓಗಕ್ಕಾಗಲ್ಲ."

"ಉಳ ಸಾಯ್ತಾ ಅವೆ ಕಣೋ ಸಿದ್ದ" ಎಂದೆ. ಅವನು, "ಬತ್ತೀನಿ ಇರು" ಎಂದ.

ಅವನು ಬಂದಾಗ ಒಂಬತ್ತು ಆಗಲು ಹತ್ತು ನಿಮಿಷ. ನಲವತ್ತು ತಟ್ಟೆಯೂ ಅವನ ಗಾಡಿಗೆ ಸೂರು ಮುಟ್ಟುವಂತೆ ಹಿಡಿಸಿದವು. ನನ್ನ ಕ್ಯಾಂಟರಿಗೆ ಬೀಗ ಹಾಕಿ, ಅವನ ಸೀಟಿನ ಅಂಚಿಗೆ ಅರ್ಧ ಕುಂಡಿ ಊರಿ ಕೂತೆ. ಮುಂದೆ ಇಪ್ಪತ್ತನಾಲ್ಕು ಎಂದು ತೋರಿಸುತ್ತಿತ್ತು. ಅದು ಬ್ಯಾಟರಿಯಲ್ಲಿ ಉಳಿದಿದ್ದ ಶೇಕಡ. ಹೋಗಬೇಕಾದ ದಾರಿ ಹದಿನೆಂಟು ಕಿಲೋಮೀಟರ್. ಸಾಕಾಗುತ್ತದಾ ಎಂದೆ. "ನಂಗೇನ್ ಗೊತ್ತು, ಇಷ್ಟ್ ದೂರ ಯಾವತ್ತೂ ಓಡಿಸಿಲ್ಲ" ಎಂದ ಮಹಾರಾಯ.

ಆಮೇಲೆ ನಾನು ರಸ್ತೆ ನೋಡಲೇ ಇಲ್ಲ, ಆ ಅಂಕಿಯನ್ನೇ ನೋಡಿದೆ. ಇಪ್ಪತ್ತು. ಹದಿನೇಳು. ಹದಿಮೂರು. ಒಂದು ಏರು ಬಂತು. ಸಿದ್ದರಾಜು ಗಾಡಿ ನಿಧಾನ ಮಾಡಿ, "ಎಂಬತ್ತೈದ್ ಕೆಜಿ ಇದ್ದೀಯ, ಇಳೀಲಾ" ಎಂದ. ಇಳಿದೆ. ಸದ್ದಿಲ್ಲದೆ ಏರು ಹತ್ತುತ್ತಿದ್ದ ಆ ಮಿಕ್ಸಿಯ ಹಿಂದೆ ಏದುಸಿರು ಬಿಡುತ್ತ ಓಡಿದೆ. ಏರು ಮುಗಿದ ಮೇಲೆ ಹತ್ತಿಸಿಕೊಂಡ. ಮುಂದಿನ ಏರಿಗೆ ಮತ್ತೆ ಇಳಿಸಿದ. ನಗುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಮಳವಳ್ಳಿ ದಾಟುವಾಗ ಏಳು, ರತ್ನಮ್ಮನ ಊರಿನ ಬೋರ್ಡು ಕಂಡಾಗ ಮೂರು. ಗಾಡಿ ಜೀವ ಕುಗ್ಗಿ ನಡೆಯುವವನ ವೇಗಕ್ಕೆ ಇಳಿದಿತ್ತು. ಹತ್ತು ಗಂಟೆಗೆ ಅವಳ ಹುಳುಮನೆಯ ಮುಂದೆ ನಿಂತೆವು.

ರತ್ನಮ್ಮ ತಟ್ಟೆಗಳನ್ನು ಒಳಗೆ ಹೊತ್ತಳು. ಸಣ್ಣಗೆ ಹೆಚ್ಚಿದ ಸೊಪ್ಪು ಹರಡಿ, ಮಂಡಿಯೂರಿ ಕೂತು ನೋಡಿದಳು. ಹುಳುಗಳು ಹಸಿರಿನೊಳಗೆ ಹೊರಳತೊಡಗಿದವು. ಆದರೆ ಮೇಲಿನ ಸಾಲಿನ ಒಂಬತ್ತು ತಟ್ಟೆಗಳಲ್ಲಿ ಸೊಪ್ಪು ಹಾಗೇ ಇತ್ತು. ಆಕೆ ಬೆರಳಿನಿಂದ ಮೆಲ್ಲಗೆ ಸವರಿದಳು, ಊದಿದಳು. ಅಲುಗಾಟವಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಏನಾಯ್ತಣ್ಣ ಗಾಡಿಗೆ?"

"ಒಸಾ ಕಾನೂನ್ ಗಾಡಿ ಕಣಮ್ಮ, ಇಂಗೇ ದಾರೀಲಿ ಕೈ ಕೊಡ್ತವೆ" ಎಂದೆ. ಎಷ್ಟೋ ಸಲ ಹೇಳಿ ರೂಢಿಯಾದ ಮಾತು, ತಾನಾಗಿಯೇ ಬಂತು. ಆಕೆ ಕಾನೂನು ಮಾಡಿದವರಿಗೆ ಹಿಡಿಶಾಪ ಹಾಕಿದಳು. ಬಡವರ ಹೊಟ್ಟೆ ಮೇಲೆ ಹೊಡೆಯುತ್ತಾರೆ ಎಂದಳು. "ನೀವ್ ತಾನೇ ಏನ್ ಮಾಡೀರಿ, ಪಾಪ, ಬೆವತೋಗಿದ್ದೀರಿ" ಎಂದು ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು. ಕುಡಿದೆ. ಅಷ್ಟು ಕಷ್ಟಪಟ್ಟು ನಾನು ಯಾವುದನ್ನೂ ನುಂಗಿಲ್ಲ. ಸಿದ್ದರಾಜು ಮಾತ್ರ ಕರೆಂಟಿಗೆ ಕಾಯುತ್ತ ಜಗುಲಿಯಲ್ಲಿ ಕೂತ. ಹಳ್ಳಿಯಲ್ಲಿ ಕರೆಂಟು ಬಂದದ್ದು ಮಧ್ಯಾಹ್ನ, ಅವನ ಗಾಡಿ ಹೊರಟದ್ದು ಸಂಜೆ. ಅವನ ಒಂದು ದಿನದ ದುಡಿಮೆಯೂ ಹೋಯಿತು.

ಗಾಡಿ ಎಳೆಸಿ ಮಂಡ್ಯಕ್ಕೆ ಒಯ್ದೆ. ಮೆಕ್ಯಾನಿಕ್ ಪೈಪು ಬಿಚ್ಚಿದಾಗ ಒಳಗೆ ಉಪ್ಪುಗಲ್ಲಿನ ಹಾಗೆ ಬೆಳ್ಳಗೆ ಗಟ್ಟಿ ಕಟ್ಟಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. "ಬೇವಿನ ವಾಸ್ನೆ ಬತ್ತದಲ್ಲ ಗೌಡ್ರೇ. ಗದ್ದೆ ಗೊಬ್ರ ಏನಾರ ಹಾಕುದ್ರಾ?" ಎಂದ. ಇಲ್ಲವಲ್ಲ ಎಂದೆ. ಅವನು ನನ್ನ ಮುಖ ನೋಡಿ, ಪೈಪು ತೊಳೆಯಲು ಒಯ್ದ.

ಆಮೇಲೆ ಸ್ಟ್ಯಾಂಡಿನಲ್ಲಿ ನನಗೆ ಎಲ್ಲಿಲ್ಲದ ಮರ್ಯಾದೆ. ನನ್ನ ಗಾಡಿಯ ಫೋಟೋ ಮನವಿಯ ಜೊತೆ ಹೋಗಿತ್ತು. ಕೆಂಪಣ್ಣ ಹೊಸಬರಿಗೆಲ್ಲ ನನ್ನನ್ನು ತೋರಿಸಿ, "ಇವನ್ ಗಾಡೀನೇ ಸಾಕ್ಸಿ" ಎನ್ನುತ್ತಿದ್ದ. ಹಾಗೆಂದಾಗಲೆಲ್ಲ ಆ ಒಂಬತ್ತು ತಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಊಟ ರುಚಿಸಲಿಲ್ಲ. ಇಪ್ಪತ್ತು ದಿನ ತಡೆದೆ. ಗೂಡು ಬಿಡಿಸುವ ಹೊತ್ತಿಗೆ ಬಸ್ಸು ಹತ್ತಿ ರತ್ನಮ್ಮನ ಮನೆಗೆ ಹೋದೆ.

ಆಕೆ ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯಿಂದ, ಗೂಡು ಬಿಡಿಸುತ್ತಿದ್ದಳು. ಉಳಿದ ಹುಳುಗಳು ಚೆನ್ನಾಗಿಯೇ ಗೂಡು ಕಟ್ಟಿದ್ದವು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಚೀಲ, ಬೋರ್‌ವೆಲ್ ನೀರು, ಪಂಚೆ, ಟೇಪು, ಯಾವುದನ್ನೂ ಬಿಡಲಿಲ್ಲ. ಹೋದ ತಟ್ಟೆಗಳ ನಷ್ಟ ಕಟ್ಟಿಕೊಡುತ್ತೇನೆ ಎಂದೆ. ಆಕೆಯ ಕೈ ನಿಲ್ಲಲಿಲ್ಲ.

"ಅವತ್ತೇ ಏಳಿದ್ರೆ ಚೆಂದಾಗಿ ಬೈದ್ ಬುಡ್ತಿದ್ದೆ. ಅಲ್ಲಿಗ್ ಮುಗೀತಿತ್ತು" ಎಂದಳು. "ನಾನು ಯಾರ್ ಯಾರ್ನೋ ಬೈತಾ ನಿಂತಿದ್ರೆ, ನೀವು ಮಜ್ಗೆ ಕುಡ್ಕಂಡು ಊಂಗುಡ್ತಿದ್ರಲ್ಲಣ್ಣ."

ನಷ್ಟಕ್ಕೆ ಅರ್ಧ ಮಾತ್ರ ಕೊಡಿ, ಇನ್ನರ್ಧ ನನ್ನ ಹಣೆಬರಹ ಎಂದಳು. ಅಂದೇ ಸಂಜೆ ಸ್ಟ್ಯಾಂಡಿಗೆ ಹೋಗಿ ಕೆಂಪಣ್ಣನಿಗೂ ಹೇಳಿದೆ. ಅವನು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗುವುದಿಲ್ಲ.

ನನ್ನ ವಾದ ನಾನು ಬಿಟ್ಟಿಲ್ಲ. ತಾಲ್ಲೂಕಿನಲ್ಲಿ ರಿಪೇರಿ ಮಾಡುವವರಿಲ್ಲದೆ ಇಂಥ ಗಾಡಿ ಓಡಿಸಿ ಎನ್ನುವುದು ಸರಿಯಲ್ಲ ಎಂದು ಈಗಲೂ ಹೇಳುತ್ತೇನೆ. ಕಬ್ಬಿನ ಲೋಡು ಎಳೆಯುವ ಕರೆಂಟ್ ಲಾರಿ ಬಂದು, ಹಳ್ಳಿಯಲ್ಲಿ ಅದಕ್ಕೆ ಚಾರ್ಜು ಸಿಗುವ ಕಾಲ ಬಂದರೆ ಆಗ ನೋಡೋಣ. ಆದರೆ ಮಾತಿನ ನಡುವೆ ನನ್ನ ಗಾಡಿಯ ಉದಾಹರಣೆ ಕೊಡಲು ಬಾಯಿ ಬರುವುದಿಲ್ಲ. ಮಳವಳ್ಳಿಯಲ್ಲಿ ಎದುರಾದರೆ ರತ್ನಮ್ಮ ಇವತ್ತಿಗೂ ಅಣ್ಣಾ ಎಂದೇ ಮಾತಾಡಿಸುತ್ತಾಳೆ, ಮನೆಗೆ ಬನ್ನಿ ಎನ್ನುತ್ತಾಳೆ. ಗೊಬ್ಬರ ತರಿಸಬೇಕಾದರೆ, ಮರಳು ಹೊಡೆಸಬೇಕಾದರೆ ನನಗೇ ಫೋನ್ ಮಾಡುತ್ತಾಳೆ. ಹುಳು ಮಾತ್ರ ನನ್ನ ಗಾಡಿಗೆ ಹತ್ತಿಸುವುದಿಲ್ಲ. ನಾನೂ ಕೇಳಿಲ್ಲ.